ನಾಜಿಯಾ ಕೈಯಲ್ಲಿ ಮಾತಾಡಿದ ಮಳೆಗಾಲ

ಮೊನ್ನೆ ರಾಮನಗರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಅಂಗನವಾಡಿ ಹುಡುಗಿಯರಿಗೆ ತರಬೇತಿ ಇತ್ತು. ನಿವೃತ್ತಿಯಾದವರಲ್ಲಿ ಯಾರಾದರೂ ಬಂದು ಅನುಭವ ಹೇಳಲಿ ಎಂದು ನನ್ನನ್ನು ಈಗಿರುವ ಕಲ್ಯ ಹಳ್ಳಿಯಿಂದ ಕರೆಸಿದ್ದರು. ಗೋಡೆಗೆ ಒಂದು ಚಾರ್ಟು ತೂಗುಹಾಕಿದ್ದರು. ಇಷ್ಟು ತಿಂಗಳಿಗೆ ಮಗುವಿನ ಕತ್ತು ನಿಲ್ಲಬೇಕು, ಇಷ್ಟಕ್ಕೆ ಕೂರಬೇಕು, ಇಷ್ಟಕ್ಕೆ ನಡೆಯಬೇಕು, ಇಷ್ಟಕ್ಕೆ ಎರಡು ಪದ ಸೇರಿಸಿ ಮಾತಾಡಬೇಕು. ಹುಡುಗಿಯರು ನಾಳೆಯೇ ಪರೀಕ್ಷೆ ಎನ್ನುವವರಂತೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಾಳಿ ತಿರುಗಿ, ಬೆಂದ ರೇಷ್ಮೆಗೂಡಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು.

ಆ ವಾಸನೆ ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಕುದಿನೀರಿನಲ್ಲಿ ಬೆಂದ ಗೂಡು, ಅದರೊಳಗೆ ಸತ್ತ ಹುಳು, ಜೊತೆಗೆ ಮಳೆಗೆ ನೆನೆದ ಚರಂಡಿ. ಹುಡುಗಿಯರೆಲ್ಲ ದುಪಟ್ಟಾ ಮೂಗಿಗೆ ಹಿಡಿದರು. ನಾನು ಹಿಡಿಯಲಿಲ್ಲ. ಇಪ್ಪತ್ತೆಂಟು ವರ್ಷ ಇದೇ ಊರಿನ ಆ ವಾಸನೆಯ ಬೀದಿಯಲ್ಲೇ ಮಕ್ಕಳಿಗೆ ಅನ್ನ ಕಲಸಿದವಳು ನಾನು. ಮೂಗು ಮುಚ್ಚಿಕೊಂಡು ಓಡಾಡಿದ್ದರೆ ಆ ಬೀದಿಯ ಯಾವ ತಾಯಿ ನನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದಳು?

ಆದರೆ ಆ ಮಧ್ಯಾಹ್ನ ಆ ವಾಸನೆಯ ಜೊತೆ ಒಂದು ಮಗು ನೆನಪಾಯಿತು. ನನ್ನ ಸರದಿ ಬಂದಾಗ, ಬರೆದುಕೊಂಡು ಬಂದಿದ್ದ ಚೀಟಿ ಮಡಚಿ ಬ್ಯಾಗಿಗೆ ಹಾಕಿ, ನಾಜಿಯಾಳ ಕತೆ ಹೇಳಿದೆ. ಅಲ್ಲಿ ಕೊಟ್ಟದ್ದು ಹತ್ತು ನಿಮಿಷ. ಅರ್ಧ ಕತೆಗೆ ಟೈಮ್ ಆಯ್ತು ಎಂದು ಕೂರಿಸಿದರು. ಪೂರ್ತಿ ಹೇಳದೆ ನನಗೆ ಸಮಾಧಾನವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೊರೋನಾ ಕಳೆದು, ಮುಚ್ಚಿದ್ದ ಅಂಗನವಾಡಿಗಳು ಸರಿಯಾಗಿ ತೆರೆದ ಮೇಲಿನ ಮಳೆಗಾಲ ಅದು. ಆಕಾಶ ತೂತಾದ ಹಾಗೆ ಮಳೆ. ನಮ್ಮ ಕೇಂದ್ರ ಒಂದೇ ಕೋಣೆ, ಅದರ ಒಂದು ಮೂಲೆ ಸೋರುತ್ತಿತ್ತು. ನಾನು, ನನ್ನ ಸಹಾಯಕಿ ಪುಟ್ಟಮ್ಮ, ಇಪ್ಪತ್ತಮೂರು ಮಕ್ಕಳು, ಒಂದು ಬಕೆಟ್ಟು. ಎರಡು ವರ್ಷ ಮನೆಯೊಳಗೇ ಬೆಳೆದ ಮಕ್ಕಳು ಒಂದೊಂದೂ ಒಂದೊಂದು ಥರ. ಒಬ್ಬನು ಮೊಬೈಲ್ ಇಲ್ಲದೆ ತುತ್ತು ನುಂಗುತ್ತಿರಲಿಲ್ಲ. ಇನ್ನೊಬ್ಬಳು ತಾಯಿಯ ಬುರ್ಖಾದ ತುದಿ ಹಿಡಿದರೆ ಬಿಡುತ್ತಿರಲಿಲ್ಲ. ಮಾತು ತಡವಾದ ಮಕ್ಕಳು ಬೇಕಾದಷ್ಟು. ಎಲ್ಲದಕ್ಕೂ ನಾವು ಕೊರೋನಾದ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತಿದ್ದೆವು.

ನಾಜಿಯಾ ಬಂದದ್ದು ಆಗ. ಮೂರೂವರೆ ವರ್ಷ. ಬೀದಿಯ ಕೊನೆಯಲ್ಲಿ ರೇಷ್ಮೆ ನೂಲು ತೆಗೆಯುವ ಸಾದಿಕ್ ಭಾಯ್‌ ಅವರ ಮಗಳು. ಮುಂದೆ ಶೆಡ್ಡು, ಅದಕ್ಕೆ ಅಂಟಿಕೊಂಡಂತೆ ಹಿಂದೆ ಮನೆ. ದುಂಡು ಮುಖ, ಚುರುಕು ಕಣ್ಣು, ಎರಡು ಬಿಗಿ ಜುಟ್ಟು. ಬಾಯಿಂದ ಒಂದು ಪದವಿಲ್ಲ. ಕೆಲವು ಸಲ ಗಂಟಲಲ್ಲಿ ಏನೋ ಶಬ್ದ ಮಾಡುತ್ತಿದ್ದಳು, ಅಷ್ಟೆ. ಕರೆದರೆ ಒಮ್ಮೆ ತಿರುಗುತ್ತಿದ್ದಳು, ಹತ್ತು ಸಲ ತಿರುಗುತ್ತಿರಲಿಲ್ಲ. ಹಟಮಾರಿ ಎಂದುಕೊಂಡೆ. ಮನೆಯಲ್ಲಿ ಮುದ್ದು ಜಾಸ್ತಿಯಾಗಿದೆ ಎಂದು ಪುಟ್ಟಮ್ಮನೂ ತಾಳ ಹಾಕಿದಳು.

ಸೇರಿದ ಎರಡನೇ ವಾರವೋ ಏನೋ, ನಾನು ಅವಳಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದೆ. ಎರಡನೇ ತುತ್ತಿಗೆ ಅವಳು ಮುಖ ಕಿವುಚಿ, ಬಲಗೈ ಎತ್ತಿ ನನ್ನ ಮುಖದೆದುರು ಬೆರಳು ಒದರಿದಳು. ನಮ್ಮ ಕಡೆ ಹಾಗೆ ಬೆರಳು ಒದರಿದರೆ 'ಹೋಗತ್ಲಾಗೆ, ತೊಲಗು' ಎಂದರ್ಥ. ಇಷ್ಟುದ್ದ ಹುಡುಗಿ ನನಗೆ ತೊಲಗು ಅನ್ನುತ್ತಾಳಲ್ಲ ಎಂದು ರೇಗಿಹೋಯಿತು. ಆ ಕೈಯ ಮೇಲೆ ಪಟ್ಟೆಂದು ಒಂದು ಕೊಟ್ಟೆ. ಮಗು ಅಳಲಿಲ್ಲ. ತನ್ನ ಕೈಯನ್ನೊಮ್ಮೆ ನೋಡಿಕೊಂಡಳು, ನನ್ನನ್ನೊಮ್ಮೆ ನೋಡಿದಳು. ಆಮೇಲೆ ನಾಲ್ಕು ದಿನ ನನ್ನ ಕೈಯಿಂದ ತಿನ್ನಲಿಲ್ಲ, ಪುಟ್ಟಮ್ಮನೇ ತಿನ್ನಿಸಬೇಕಾಯಿತು.

ಇನ್ನೂ ಏನೇನೋ ಮಾಡುತ್ತಿದ್ದಳು. ಅಂಗೈ ಮೇಲೆ ಮಾಡಿ ಎರಡು ಸಲ ಅಲ್ಲಾಡಿಸುವುದು. ಉಳಿದ ಮಕ್ಕಳು ಅದನ್ನು ಭಿಕ್ಷೆ ಬೇಡುವ ಆಟವೆಂದುಕೊಂಡು ನಗುತ್ತಿದ್ದರು. ತನ್ನ ಜೊತೆಗಾತಿ ಮಧ್ಯಾಹ್ನ ಮನೆಗೆ ಹೋದರೆ, ಎರಡೂ ತೋರುಬೆರಳುಗಳನ್ನು ತುದಿಗೆ ತುದಿ ಸೇರಿಸಿ ಫಟ್ಟನೆ ಬೇರೆ ಮಾಡಿ, ನನ್ನ ಮುಖ ನೋಡುತ್ತಿದ್ದಳು. ನಾನು ಹೂಂ ಹೂಂ ಎಂದು ರಿಜಿಸ್ಟರ್ ಬರೆಯುತ್ತಿದ್ದೆ.

ಆ ತಿಂಗಳ ಕೊನೆಗೆ ಸೂಪರ್‌ವೈಸರ್ ಮೇಡಂ ಬಂದರು. ಕೆಟ್ಟವರಲ್ಲ, ಆದರೆ ಅವರ ಕೈಯಲ್ಲಿ ಯಾವಾಗಲೂ ಒಂದು ಫಾರಂ, ಫಾರಂನಲ್ಲಿ ಯಾವಾಗಲೂ ಖಾಲಿ ಕಾಲಂ. ನಾಜಿಯಾಳನ್ನು ಎದುರು ನಿಲ್ಲಿಸಿಕೊಂಡು ಹೆಸರು ಕೇಳಿದರು, ಹಣ್ಣಿನ ಚಿತ್ರ ತೋರಿಸಿದರು, ಮೂಗು ಎಲ್ಲಿ ಎಂದರು. ನಾಜಿಯಾ ಅವರ ಕೊರಳಿನ ಐಡಿ ಕಾರ್ಡು ಹಿಡಿದು ಆಡತೊಡಗಿದಳು. ಎರಡು ನಿಮಿಷವೂ ಆಗಿರಲಿಲ್ಲ. 'ಬುದ್ಧಿಮಾಂದ್ಯ ಅಂತ ಬರೀರಿ ನಾಗರತ್ನಮ್ಮ, ನಾನು ಸೈನ್ ಹಾಕ್ತೀನಿ' ಎಂದರು.

ಆ ಪದ ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಒಮ್ಮೆ ರಿಜಿಸ್ಟರಿಗೆ ಹತ್ತಿದರೆ ಇಳಿಯುವುದಿಲ್ಲ. ಒಂದನೇ ಕ್ಲಾಸಿನ ಬಾಗಿಲಲ್ಲಿ ಮೇಷ್ಟ್ರು ಅದನ್ನೇ ಮೊದಲು ಓದುತ್ತಾರೆ. ಮನೆಯವರು 'ಇನ್ನೇನು, ದೇವರು ಕೊಟ್ಟಿದ್ದಿಷ್ಟೆ' ಎಂದು ಮೂಲೆಯಲ್ಲಿ ಕೂರಿಸುತ್ತಾರೆ. ಮೂರೂವರೆ ವರ್ಷದ ಮಗುವಿನ ಇಡೀ ಬದುಕು ಎರಡು ನಿಮಿಷದಲ್ಲಿ ಬರೆದು ಮುಗಿಸುವುದೇ? ರಿಜಿಸ್ಟರ್ ಮುಚ್ಚಿಟ್ಟೆ. ಬರೆಯುವುದಿಲ್ಲ ಎಂದೆ. ಮೇಡಂ ಕನ್ನಡಕ ಇಳಿಸಿ ನೋಡಿದರು. ಬರೆಯುವುದಿಲ್ಲ ಮೇಡಂ, ಬೇಕಾದರೆ ನನ್ನ ಮೇಲೆ ಮೇಲಿನವರಿಗೆ ಬರೆಯಿರಿ ಎಂದೆ. ಪುಟ್ಟಮ್ಮ ಹಿಂದಿನಿಂದ ನನ್ನ ಸೆರಗು ಜಗ್ಗುತ್ತಿದ್ದಳು.

ಅಂದು ಸಂಜೆಯೇ ಸಾದಿಕ್ ಭಾಯ್‌ ಅವರ ಶೆಡ್ಡಿಗೆ ಹೋದೆ. ಮನೆಯವರನ್ನು ವಿಚಾರಿಸುವುದು ಒಂದು ಕಾರಣ, ಮೇಡಂ ಅವರನ್ನು ಸುಳ್ಳು ಮಾಡುವುದು ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಶೆಡ್ಡಿನ ಮುಂಭಾಗದಲ್ಲಿ ಸಾಲಾಗಿ ಬಿಸಿನೀರಿನ ಬೇಸಿನ್‌ಗಳು. ಹೆಂಗಸರು ಅದರ ಮುಂದೆ ಕೂತು, ಬೆಂದ ಗೂಡಿನ ಎಳೆ ಹುಡುಕಿ ತಿರುಗುವ ಚಕ್ರಕ್ಕೆ ಕೊಡುತ್ತಿದ್ದರು. ಹಿಂಭಾಗದಲ್ಲಿ ನೂಲಿಗೆ ಹುರಿ ಹಾಕುವ ಮಷಿನ್‌ಗಳು. ಅವುಗಳ ಸದ್ದು ಕೇಳಿದರೆ ಹಲ್ಲಿನ ಬುಡ ನಡುಗುತ್ತದೆ. ನಾನು ಏನೋ ಕೇಳಿದೆ, ನನ್ನ ಮಾತು ನನಗೇ ಕೇಳಿಸಲಿಲ್ಲ. ಆಗ ನೋಡಿದೆ. ಆ ಶೆಡ್ಡಿನಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಒಬ್ಬಳು ಅಂಗೈ ಮೇಲೆ ಮಾಡಿ ಎರಡು ಸಲ ಅಲ್ಲಾಡಿಸಿದಳು, ಸಾದಿಕ್ ಭಾಯ್ ಒಂದು ಬುಟ್ಟಿ ಗೂಡು ತಂದು ಸುರಿದರು. ಇನ್ನೊಬ್ಬಳು ಎರಡು ತೋರುಬೆರಳು ಸೇರಿಸಿ ಬೇರೆ ಮಾಡಿದಳು, ಎಳೆ ಕಡಿದಿದೆ ಎಂದು ಪಕ್ಕದವಳು ಚಕ್ರ ನಿಲ್ಲಿಸಿದಳು. ಮೂರನೆಯವಳು ಬೆರಳು ಒದರಿದಳು. ನೀರು ಸುಡುತ್ತಿದೆ, ಒಸಿ ತಣ್ಣೀರು ಹಾಕು ಎಂದು.

ಬೆರಳು ಒದರಿದರೆ ಸುಡುತ್ತಿದೆ ಎಂದು. ಉಪ್ಪಿಟ್ಟು ಸುಡುತ್ತಿದೆ ಎಂದು ಹೇಳಿದ ಮಗುವಿನ ಕೈಗೆ ನಾನು ಹೊಡೆದಿದ್ದೆ. ಆ ಗದ್ದಲದ ನಡುವೆ ನಿಂತಲ್ಲೇ ನನ್ನ ಕಣ್ಣಲ್ಲಿ ನೀರು ಬಂತು. ಉಗಿಯಿಂದ ಎಂದು ಎಲ್ಲರೂ ಅಂದುಕೊಂಡಿರಬೇಕು.

ನಾಜಿಯಾ ಆ ಹೆಂಗಸರ ನಡುವೆ ರಾಣಿಯಂತೆ ಓಡಾಡುತ್ತಿದ್ದಳು. ಎಲ್ಲರ ಕೈಮಾತೂ ಅವಳಿಗೆ ಅರ್ಥವಾಗುತ್ತಿತ್ತು, ಅವಳದ್ದು ಎಲ್ಲರಿಗೂ. ಹೊರಗೆ ಬಂದ ಮೇಲೆ ತಾಯಿ ಶಬಾನಾ ಹೇಳಿದಳು, 'ಇಲ್ಲಿ ಎಲ್ರು ಕೂಡೇನೂ ಮಾತಾಡ್ತಾಳೆ ಟೀಚರ್. ನಿಮ್ ತಾವ ಬಂದ್ರೆ ಯಾಕ್ ಸುಮ್ಕಿರ್ತಾಳೋ.' ಅವಳ ಗಂಡನೂ ಐದು ವರ್ಷದ ತನಕ ಮಾತಾಡಿರಲಿಲ್ಲವಂತೆ, ಅತ್ತೆ ಹಾಗೆ ಹೇಳುತ್ತಾರಂತೆ.

ನನಗೆ ಅಷ್ಟೇ ಸಾಕಾಯಿತು. ಮಗುವಿಗೆ ಏನೂ ಆಗಿಲ್ಲ, ಶೆಡ್ಡಿನ ಭಾಷೆ ಕಲಿತಿದೆ ಅಷ್ಟೆ, ನಮ್ಮ ಜೊತೆ ನಾಲ್ಕು ತಿಂಗಳಿದ್ದರೆ ಮಾತೂ ಬರುತ್ತದೆ ಎಂದು ತೀರ್ಮಾನಿಸಿಬಿಟ್ಟೆ. ಮುಂದಿನ ಕಾರ್ಯಕರ್ತೆಯರ ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲರೆದುರು ಹೇಳಿದೆ. ಮೇಡಂ ಅವರು ಬುದ್ಧಿಯಿಲ್ಲ ಎಂದ ಮಗುವಿಗೆ ನಮಗೆ ಬಾರದ ಒಂದು ಭಾಷೆ ಬರುತ್ತದೆ ಎಂದೆ. ಹಿಂದಿನ ಸಾಲಿನವರು ಮುಸಿಮುಸಿ ನಕ್ಕರು. ಮೇಡಂ ಮುಖ ಕೆಂಪಾಯಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

ಅದರ ಮುಂದಿನ ವಾರ ಮಕ್ಕಳ ತಪಾಸಣೆಗೆ ಡಾಕ್ಟರ ತಂಡ ಬಂತು. ಹಲ್ಲು, ಕಣ್ಣು, ತೂಕ, ರಕ್ತ. ಬೆಳವಣಿಗೆಯಲ್ಲಿ ಅನುಮಾನವಿರುವ ಮಕ್ಕಳಿದ್ದರೆ ತೋರಿಸಿ ಎಂದರು. ನಾನು ನಾಜಿಯಾಳನ್ನು ತೋರಿಸಲಿಲ್ಲ. ತೋರಿಸಿದರೆ ನನಗೂ ಅನುಮಾನವಿದೆ ಎಂದಾಗುತ್ತದಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಜೀಪು ಹೊರಟುಹೋಯಿತು. ಆಮೇಲೆ ಶಬಾನಾ ಕೇಳಿದಾಗಲೂ ಏನೂ ಇಲ್ಲ ಹೋಗಮ್ಮಾ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎಂದು ಧೈರ್ಯ ಹೇಳಿ ಕಳಿಸಿದೆ.

ಹೀಗೆ ಎರಡು ತಿಂಗಳು ಹೋದವು. ನಾನು ಅವಳ ಕೈಮಾತು ಕಲಿತೆ, ಅವಳು ನನ್ನ ಬಾಯಿಮಾತು ಕಲಿಯಲಿಲ್ಲ. ಹಾಡು ಹೇಳಿಸಿದರೆ ಉಳಿದ ಮಕ್ಕಳ ಬಾಯಿ ನೋಡಿ ತಾನೂ ಬಾಯಿ ಅಲ್ಲಾಡಿಸುತ್ತಿದ್ದಳು, ಸ್ವರ ಹೊರಡುತ್ತಿರಲಿಲ್ಲ. ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚುತ್ತಿತ್ತು. ಅದನ್ನು ಹೊರಗೆ ಬಿಡಲು ನಾನು ತಯಾರಿರಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲಿನ ಒಂದು ಮಧ್ಯಾಹ್ನ ದೊಡ್ಡ ಮಳೆ ಹಿಡಿಯಿತು. ಕೇಂದ್ರದೊಳಗೆ ನೀರು ಬರತೊಡಗಿದ್ದರಿಂದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮನೆಗೆ ಮುಟ್ಟಿಸಿದೆವು. ನಾಜಿಯಾಳನ್ನು ನಾನೇ ಎತ್ತಿಕೊಂಡು ಹೋದೆ. ಶೆಡ್ಡಿಗೆ ಹೋದಾಗ ಎಲ್ಲರೂ ಕೆಲಸದಲ್ಲಿದ್ದರು. ಅವಳನ್ನು ಕೆಳಗಿಳಿಸಿ ಸೀರೆ ಹಿಂಡಿಕೊಳ್ಳುತ್ತಿದ್ದೆ. ಆಗ ಕರೆಂಟು ಹೋಯಿತು.

ಮಷಿನ್‌ಗಳು ಒಂದೊಂದಾಗಿ ನಿಂತವು. ನಾನು ಆ ಶೆಡ್ಡಿನಲ್ಲಿ ಮೊದಲ ಸಲ ಮಳೆಯ ಸದ್ದು ಕೇಳಿದೆ. ಕೂಡಲೇ ಹೆಂಗಸರೆಲ್ಲ ಬೆನ್ನು ನೆಟ್ಟಗೆ ಮಾಡಿ ಬಾಯಿ ತೆರೆದರು. ಒಬ್ಬಳು ಮಗಳ ಸೀಮಂತದ ವಿಷಯ, ಒಬ್ಬಳು ಮನೆ ಸೋರುವ ವಿಷಯ, ಇನ್ನೊಬ್ಬಳು ಕರೆಂಟಿನವರಿಗೆ ಬೈಗುಳ. ಮಾತೋ ಮಾತು, ನಗುವೋ ನಗು. ಕೈಗಳೆಲ್ಲ ಮಡಿಲಿಗೆ ಬಂದು ಕೂತವು.

ನಾಜಿಯಾ ನಡುವೆ ನಿಂತಿದ್ದಳು. ಅವಳು ಒಬ್ಬೊಬ್ಬರ ಕೈಯನ್ನೂ ನೋಡಿದಳು. ಯಾವ ಕೈಯೂ ಏನೂ ಹೇಳುತ್ತಿರಲಿಲ್ಲ. ಹತ್ತಿರದವಳ ಮುಂದೆ ಹೋಗಿ ಅಂಗೈ ಅಲ್ಲಾಡಿಸಿದಳು. ಅವಳು ಪಕ್ಕಕ್ಕೆ ತಿರುಗಿ ಮಾತಾಡುತ್ತಲೇ ಇದ್ದಳು. ನಾಜಿಯಾ ಇನ್ನೊಬ್ಬಳ ಮೊಣಕಾಲು ತಟ್ಟಿದಳು. ಅಷ್ಟರಲ್ಲಿ ಮಗುವಿನ ಬೆನ್ನ ಹಿಂದೆ, ಎರಡೇ ಮಾರು ದೂರದಲ್ಲಿ, ಗೂಡು ಬೇಯಿಸುವ ದೊಡ್ಡ ಖಾಲಿ ಅಲ್ಯೂಮಿನಿಯಂ ಪಾತ್ರೆ ಕಟ್ಟೆಯಿಂದ ಜಾರಿ ನೆಲಕ್ಕೆ ಬಿತ್ತು. ಎಲ್ಲರೂ ಬೆಚ್ಚಿಬಿದ್ದರು. ಹಿಂಡುತ್ತಿದ್ದ ಸೀರೆಯ ಅಂಚು ನನ್ನ ಕೈ ಬಿಟ್ಟಿತು. ನಾಜಿಯಾ ಕದಲಲಿಲ್ಲ. ಅವಳು ಇನ್ನೂ ಆ ಹೆಂಗಸಿನ ಮಡಿಲಿನಲ್ಲಿದ್ದ ಕೈಯನ್ನೇ ನೋಡುತ್ತಿದ್ದಳು.

ಆ ಶೆಡ್ಡಿನೊಳಗೆ ದಿನವಿಡೀ ಎಲ್ಲರೂ ಕಿವುಡರೇ. ಅದಕ್ಕೇ ಒಂದು ಮಗುವಿಗೆ ನಿಜವಾಗಿಯೂ ಕಿವಿ ಕೇಳಿಸುವುದಿಲ್ಲ ಎಂದು ಯಾರಿಗೂ ಗೊತ್ತಾಗಿರಲಿಲ್ಲ. ಬೇರೆ ಯಾವ ಮನೆಯಲ್ಲಿ ಹುಟ್ಟಿದ್ದರೂ ವರ್ಷ ತುಂಬುವುದರೊಳಗೆ ಯಾರಾದರೂ ಒಬ್ಬರು ಅನುಮಾನಪಡುತ್ತಿದ್ದರು. ಮೇಡಂ ಬುದ್ಧಿಯಿಲ್ಲ ಎಂದರು, ನಾನು ಏನೂ ಇಲ್ಲ ಎಂದೆ. ಅವರು ತಪ್ಪು ಮಾಡಿದ್ದು ಎರಡು ನಿಮಿಷ, ನಾನು ಎರಡು ತಿಂಗಳು.

ಶಬಾನಾಳನ್ನು ಒಳಗೆ ಕರೆದು ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ನೆಟ್ಟಗೆ ನೋಡಿದಳು. 'ನಂಗೂ ಡೌಟ್ ಇತ್ತು ಟೀಚರ್. ನೀವೇ ಏನೂ ಇಲ್ಲ ಅಂದ್ರಲ್ಲ, ಅದ್ಕೇ ಸುಮ್ಕಾದೆ.'

ಇಷ್ಟು ವರ್ಷದಲ್ಲಿ ನನಗೆ ಬೈದವರು ಬೇಕಾದಷ್ಟು ಜನ. ಆ ಮಾತಿನಷ್ಟು ಯಾವುದೂ ನಾಟಿಲ್ಲ.

ಮಾರನೆಯ ದಿನ ನೆಟ್ಟಗೆ ಮೇಡಂ ಅವರ ಕಚೇರಿಗೆ ಹೋದೆ. ನೀವು ಬರೆಯಲು ಹೇಳಿದ್ದೂ ತಪ್ಪು, ನಾನು ಮೀಟಿಂಗಿನಲ್ಲಿ ಹೇಳಿದ್ದೂ ತಪ್ಪು, ಮಗುವಿಗೆ ಕಿವಿ ಕೇಳಿಸುವುದಿಲ್ಲ, ಆಸ್ಪತ್ರೆಗೆ ಚೀಟಿ ಬರೆದುಕೊಡಿ ಎಂದೆ. ನನಗೆ ಬಗ್ಗಿ ಮಾತಾಡಿ ಅಭ್ಯಾಸವಿಲ್ಲ, ತಪ್ಪೊಪ್ಪಿಗೆಯೂ ಜಗಳದ ಹಾಗೇ ಬಂತು. ಮೇಡಂ ಪೆನ್ನು ತೆಗೆದು ಚೀಟಿ ಬರೆದರು. ಅಷ್ಟರ ಮಟ್ಟಿಗೆ ಅವರು ನನಗಿಂತ ದೊಡ್ಡ ಮನಸ್ಸಿನವರು.

ಆದರೆ ಚೀಟಿ ಸಿಕ್ಕಿದರೆ ಆಯಿತೇ? ಮನೆಯಲ್ಲಿ ಸಾದಿಕ್ ಭಾಯ್‌ ಅವರ ತಾಯಿ ಇದ್ದರು. ಬೀದಿಯವರೆಲ್ಲ ಅವರನ್ನು ದಾದಿಮಾ ಎನ್ನುತ್ತಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಆ ಶೆಡ್ಡನ್ನು ಒಂಟಿ ಕೈಯಲ್ಲಿ ನಿಲ್ಲಿಸಿದ ಹೆಂಗಸು. ಹುರಿ ಮಷಿನ್‌ಗಳ ಪಕ್ಕದಲ್ಲೇ ಮೂವತ್ತು ವರ್ಷ ಕೆಲಸ ಮಾಡಿದವರು. ಯಾರಾದರೂ ನಮಸ್ಕಾರ ಹೇಳಿದರೆ ಉತ್ತರ ಕೊಡುವುದಿಲ್ಲ, ಗತ್ತಿನ ಮುದುಕಿ ಎಂದು ಬೀದಿಯಲ್ಲಿ ಹೆಸರು. ಆಸ್ಪತ್ರೆ ಎಂದ ಕೂಡಲೇ ಅವರು ಬಾಗಿಲಿಗೆ ಅಡ್ಡ ಮಂಚ ಎಳೆದುಕೊಂಡು ಕೂತರು.

ಕಿವಿಗೆ ಮಷಿನ್ ಹಾಕಿದರೆ ಊರಿಗೆಲ್ಲ ಡಂಗುರ ಹೊಡೆದಂತೆ, ನಾಳೆ ಈ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ, ಮನೆಯಲ್ಲಿ ಮದುವೆಗೆ ಬಂದ ನನ್ನ ಕೊನೆಯ ಮಗಳು ಬೇರೆ ಇದ್ದಾಳೆ, ಅವಳ ಗತಿಯೇನು ಎಂದು ಶುರು ಮಾಡಿದರು. ನಾನೂ ಜೋರು ಮಾಡಿದೆ. ಅವರು ನನ್ನ ತುಟಿಯನ್ನೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕೊನೆಗೆ ತಲೆಯ ಮೇಲಿನ ಸೆರಗು ಸರಿಸಿ ಕಿವಿ ತೋರಿಸಿದರು.

'ನಂಗೂ ಕೇಳಾಕಿಲ್ಲ ಟೀಚರಮ್ಮ. ಇಪ್ಪತ್ತು ವರ್ಸ ಆಯ್ತು. ಯಾರಿಗೂ ಯೋಳಿಲ್ಲ. ಬದುಕಿಲ್ವಾ ನಾನು? ಮಕ್ಳು ಸಾಕಿಲ್ವಾ? ಶೆಡ್ ನಡ್ಸಿಲ್ವಾ?'

ಸಾದಿಕ್ ಭಾಯ್ ತಾಯಿಯನ್ನೇ ನೋಡುತ್ತ ನಿಂತರು. ಅವರಿಗೂ ಆವತ್ತೇ ಗೊತ್ತಾದದ್ದು. ಗತ್ತು ಎಂದು ನಾವೆಲ್ಲ ಅಂದುಕೊಂಡದ್ದು ಗತ್ತಾಗಿರಲಿಲ್ಲ. ಆ ಹೆಂಗಸು ಯಾರಿಗೂ ತಿಳಿಯದಂತೆ ಇಪ್ಪತ್ತು ವರ್ಷ ಜನರ ತುಟಿ ನೋಡಿ ಸಂಸಾರ ಮಾಡಿದ್ದರು. ನನಗೆ ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಆದರೆ ಮಗುವಿನ ವಿಷಯದಲ್ಲಿ ಇಳಿಯಲಿಲ್ಲ. ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವರಿಗೆ ನನ್ನ ತುಟಿ ಕಾಣುವಂತೆ ಮುಖ ಎತ್ತಿ, ಬಿಡಿಸಿ ಬಿಡಿಸಿ ಹೇಳಿದೆ.

'ದಾದಿಮಾ, ನಿಮ್ಗೆ ಮಾತು ಕಲ್ತ್ ಮ್ಯಾಲೆ ಕಿವಿ ಹೋಯ್ತು. ಅದ್ಕೇ ನಾನ್ ಏನ್ ಅಂತೀನಿ ಅಂತ ತುಟಿ ನೋಡಿದ್ರೆ ಗೊತ್ತಾಯ್ತದೆ. ಈ ಮಗು ಒಂದ್ ಮಾತೂ ಕೇಳೇ ಇಲ್ಲ. ಇವ್ಳು ಯಾರ್ ತುಟಿ ನೋಡಿ ಏನ್ ತಿಳ್ಕಬೇಕು? ನಿಮ್ದು ಬರೀ ಕಿವಿ ಹೋಗಿದ್ದು. ಇವ್ಳ್‌ದು ಮಾತೇ ಹೋಯ್ತಾ ಐತೆ. ಇನ್ನೆರಡು ವರ್ಸ ಬುಟ್ರೆ ಆಮ್ಯಾಲೆ ತಂದ್ರೂ ಬರಾಕಿಲ್ಲ.'

ಅವರು ಮಂಚ ಬಿಟ್ಟು ಏಳಲಿಲ್ಲ. ಸಾದಿಕ್ ಭಾಯ್, ಗೂಡಿನ ಸುಗ್ಗಿ ಮುಗಿಯಲಿ ನೋಡೋಣ ಎಂದು ಗೊಣಗಿದರು. ಆಗ ಶಬಾನಾ ಒಳಗಿನಿಂದ ಬುರ್ಖಾ ಹಾಕಿಕೊಂಡು ಬಂದಳು. ಮದುವೆಯಾಗಿ ಆರು ವರ್ಷದಲ್ಲಿ ಅತ್ತೆಯ ಎದುರು ಅವಳು ತಲೆ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ಮಂಚದ ಒಂದು ತುದಿಯಿಂದ ದಾಟಿ, ಬೀದಿಗೆ ಇಳಿದು ನಿಂತಳು. 'ಬನ್ನಿ ಟೀಚರ್, ಬಸ್ಸು ಹೊಂಟೋಯ್ತದೆ' ಎಂದಳು.

ರಾಮನಗರದಲ್ಲೇ ಒಂದು ಆಸ್ಪತ್ರೆ, ಅಲ್ಲಿಂದ ಬೆಂಗಳೂರಿನಲ್ಲಿ ಇನ್ನೊಂದು. ಮಗುವಿಗೆ ನಿದ್ದೆಯ ಔಷಧಿ ಕೊಟ್ಟು ಮಲಗಿಸಿ, ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಒಂದೇ ಬನ್ನು ಹರಿದು ತಿಂದೆವು. ಎರಡೂ ಕಿವಿ ತುಂಬಾ ಮಂದ, ಪೂರ್ತಿ ಹೋಗಿಲ್ಲ, ಹುಟ್ಟಿನಿಂದಲೇ ಹೀಗಿರಬೇಕು ಎಂದು ಕಿವಿ ಪರೀಕ್ಷೆ ಮಾಡಿದ ಹುಡುಗಿ ವಿವರಿಸಿದಳು. ಮಷಿನ್ ಹಾಕಬೇಕು, ಆದರೆ ಹಾಕಿದ ಕೂಡಲೇ ಮಾತು ಬರುವುದಿಲ್ಲ, ನಿನ್ನೆ ಹುಟ್ಟಿದ ಮಗುವಿನ ಜೊತೆ ಮಾತಾಡಿದಂತೆ ಮೊದಲಿನಿಂದ ಮಾತಾಡಬೇಕು ಎಂದಳು. ಕೈಮಾತು ಬಿಡಿಸಬೇಕಾ ಎಂದು ಶಬಾನಾ ಹೆದರುತ್ತಾ ಕೇಳಿದಳು. ಬೇಡಮ್ಮಾ, ಅದಿದ್ದುದರಿಂದಲೇ ಈ ಮಗು ಇಷ್ಟು ಚುರುಕಾಗಿದೆ, ಕೈಯ ಜೊತೆಗೆ ಬಾಯಿಯನ್ನೂ ಸೇರಿಸಿ ಎಂದಳು ಆ ಹುಡುಗಿ. ಆ ಮಾತು ಕೇಳಿ ನಾವಿಬ್ಬರೂ ಒಟ್ಟಿಗೆ ಅತ್ತೆವು.

ದೀಪಾವಳಿಯ ಹೊತ್ತಿಗೆ ಮಷಿನ್ ಬಂತು. ಎಲ್ಲರೂ ಸಿನಿಮಾದಲ್ಲಿ ಆಗುವಂತೆ ಏನೋ ಆಗುತ್ತದೆ ಎಂದು ಕಾದಿದ್ದರು. ಆದದ್ದು ಬೇರೆ. ಮಷಿನ್ ಹಾಕಿಕೊಂಡು ಶೆಡ್ಡಿಗೆ ಕಾಲಿಟ್ಟ ನಾಜಿಯಾ ಕಿರುಚಿಕೊಂಡು ಎರಡೂ ಕಿವಿಯ ಮಷಿನ್ ಕಿತ್ತು ಎಸೆದಳು. ತಾನು ಹುಟ್ಟಿ ಬೆಳೆದ ಜಾಗ ಅಷ್ಟು ಭಯಂಕರ ಸದ್ದು ಮಾಡುತ್ತದೆಂದು ಆ ಮಗುವಿಗೆ ಹೇಗೆ ಗೊತ್ತಿರಬೇಕು? ದಾದಿಮಾ ನೋಡಿದಿರಾ ಎನ್ನುವಂತೆ ನನ್ನ ಕಡೆ ನೋಡಿದರು. ಬೀದಿಯವರು ತಲೆಗೊಂದು ಮಾತು ಆಡಿದರು. ಟೀಚರಮ್ಮನ ಹಟಕ್ಕೆ ಮಗು ಹಾಳಾಗುತ್ತದೆ ಎಂದವರೂ ಇದ್ದರು. ಹೌದು, ಹಟವೇ. ತಪ್ಪು ದಾರಿಯಲ್ಲಿ ಎರಡು ತಿಂಗಳು ಹಟ ಮಾಡಿದವಳು ಸರಿ ದಾರಿಯಲ್ಲಿ ಎರಡು ವರ್ಷ ಮಾಡಬಾರದೇ?

ಸಾದಿಕ್ ಭಾಯ್ ಮಾತು ಕಡಿಮೆ. ಮೂರು ದಿನ ಮಗಳು ಮಷಿನ್ ಕಿತ್ತೆಸೆಯುವುದನ್ನು ನೋಡಿದರು. ನಾಲ್ಕನೆಯ ದಿನ ಗಾರೆಯವರನ್ನು ಕರೆಸಿ, ಶೆಡ್ಡಿಗೂ ಮನೆಗೂ ನಡುವೆ ಇದ್ದ ಬಾಗಿಲು ಕೀಳಿಸಿ ಇಟ್ಟಿಗೆ ಗೋಡೆ ಎಬ್ಬಿಸಿಬಿಟ್ಟರು. ಆಮೇಲೆ ಮನೆಯಿಂದ ಶೆಡ್ಡಿಗೆ ಹೋಗಬೇಕಾದರೆ ಬೀದಿ ಸುತ್ತಬೇಕಾಯಿತು. ಒಂದು ಲೋಟ ಟೀ ಕೊಡಲೂ ಸುತ್ತು.

ಬೆಳಗ್ಗೆ ಒಂಬತ್ತಕ್ಕೆ ಮೊದಲೇ ನಾಜಿಯಾ ನನ್ನ ಹತ್ತಿರ ಬರುತ್ತಿದ್ದಳು. ನಾನು, ಪುಟ್ಟಮ್ಮ ಇಬ್ಬರೂ ದಿನವಿಡೀ ಬಾಯಿ ಮುಚ್ಚದೆ ಮಾತಾಡಿದೆವು. ಇದು ಲೋಟ, ಲೋಟದಲ್ಲಿ ನೀರು, ನೀರು ತಣ್ಣಗೆ. ಸುಡುತ್ತಿದ್ದರೆ ಬೆರಳೂ ಒದರಿ, ಬಾಯಲ್ಲೂ ಸುಡ್ತದೆ ಎನ್ನುವುದು. ಮನೆಯಲ್ಲಿ ಶಬಾನಾ ಅದನ್ನೇ ಉರ್ದುವಿನಲ್ಲಿ ಹೇಳುತ್ತಿದ್ದಳು. ಉಳಿದ ಮಕ್ಕಳು ನಮಗಿಂತ ಬೇಗ ಕಲಿತರು. ಪೌಷ್ಟಿಕ ಆಹಾರ ಬಡಿಸುವಾಗ ಇಪ್ಪತ್ತಮೂರು ಅಂಗೈಗಳೂ ಎರಡೆರಡು ಸಲ ಅಲ್ಲಾಡುತ್ತಿದ್ದವು. ಮೇಡಂ ಒಮ್ಮೆ ಬಂದು ನೋಡಿ, ಇದೇನ್ರೀ ನಾಗರತ್ನಮ್ಮ ಎಂದರು. ಇವರಿಗೆ ಎರಡು ಭಾಷೆ ಬರುತ್ತೆ ಮೇಡಂ ಎಂದೆ.

ನಾಲ್ಕು ತಿಂಗಳು ಕಳೆದರೂ ಒಂದು ಪದವಿಲ್ಲ. ಬಾಗಿಲು ತಟ್ಟಿದರೆ ತಿರುಗುತ್ತಿದ್ದಳು, ಪುಟ್ಟಮ್ಮನ ಬಳೆ ಸದ್ದಿಗೆ ನಗುತ್ತಿದ್ದಳು. ಮಾತು ಮಾತ್ರ ಇಲ್ಲ. ಎಷ್ಟೋ ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ನನಗೆ ಹೆದರಿಕೆಯಾಗುತ್ತಿತ್ತು. ನಾನು ನುಂಗಿದ ಆ ಎರಡು ತಿಂಗಳಲ್ಲೇ ಬರಬೇಕಾದ ಮಾತು ಬಾರದೆ ಹೋಯಿತೇನೋ ಎಂದು. ಯಾರಿಗೂ ಹೇಳಲಿಲ್ಲ. ಶಬಾನಾಳ ಎದುರು ಮಾತ್ರ ಬರುತ್ತೆ ಬಾ, ನಾವು ಬಿಟ್ಟರೆ ತಾನೇ ಎನ್ನುತ್ತಿದ್ದೆ.

ಮಾವು ಕಾಯಿ ಕಟ್ಟುವ ಕಾಲ. ದಾದಿಮಾ ಅವರ ಕೊನೆಯ ಮಗಳನ್ನು ನೋಡಲು ಚನ್ನಪಟ್ಟಣದಿಂದ ಗಂಡಿನವರು ಬಂದಿದ್ದರು. ಮರದ ಬೊಂಬೆ ಮಾಡುವ, ನಾಲ್ಕು ಜನರ ನಡುವೆ ಹೆಸರಿರುವ ಮನೆತನ. ನನಗೆ ವಿಷಯ ಗೊತ್ತಿರಲಿಲ್ಲ. ಎಂದಿನಂತೆ ನಾಲ್ಕು ಗಂಟೆಗೆ ನಾಜಿಯಾಳ ಕೈ ಹಿಡಿದು ಹೋದೆ. ಬಾಗಿಲ ಬಳಿ ಹತ್ತಾರು ಚಪ್ಪಲಿ, ಒಳಗಿನಿಂದ ಗಂಡಸರ ಮಾತು, ಏಲಕ್ಕಿ ಟೀ ಘಮ. ಜಗಲಿಯ ಮೇಲೆಯೇ ದಾದಿಮಾ ನಮ್ಮನ್ನು ತಡೆದರು. ಹೊಸ ಸೀರೆ ಉಟ್ಟಿದ್ದರು.

ಒಂದು ಗಂಟೆ ಮಟ್ಟಿಗೆ ಟೀಚರಮ್ಮ, ಅವರು ಹೋಗುವವರೆಗೆ, ಕಿವುಡು ಮನೆತನ ಎಂದುಬಿಟ್ಟರೆ ನನ್ನ ಮಗಳ ಗತ್ಯೇನು ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಬೀದಿಗೆಲ್ಲ ಕೇಳಿಸುವಷ್ಟು ದೊಡ್ಡದು. ಬಗ್ಗಿ, ಮಷಿನ್ ತೆಗೆಯಲು ಮಗುವಿನ ಕಿವಿಯ ಹಿಂದೆ ಬೆರಳು ಹಾಕಿದರು. ಶಬಾನಾ ಟೀ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಳು. ನಾನು ಬಾಯಿ ತೆರೆದೆ. ಆದರೆ ನನಗಿಂತ ಮೊದಲು ನಾಜಿಯಾ ಎರಡೂ ಕೈಯಿಂದ ತನ್ನ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

'ನಕ್ಕೋ' ಎಂದಳು.

ಬೇಡ ಎಂದು. ಆ ಬೀದಿಯಲ್ಲಿ ದಿನಕ್ಕೆ ಸಾವಿರ ಸಲ ಕೇಳುವ ಮಾತು, ಉರ್ದು ಬಾರದ ನಮ್ಮಂಥವರ ಬಾಯಲ್ಲೂ ಓಡಾಡುವ ಮಾತು. ಸ್ವರ ಒರಟು, ಕೊನೆ ಒಂದಿಷ್ಟು ಎಳೆದ ಹಾಗೆ, ಆದರೆ ಮಾತು ಸ್ಪಷ್ಟ. ಶಬಾನಾಳ ಕೈಯ ತಟ್ಟೆಯಲ್ಲಿ ಲೋಟಗಳು ಗಲಗಲ ಎಂದವು.

ದಾದಿಮಾಗೆ ಮಗುವಿನ ತುಟಿ ಅಲ್ಲಾಡಿದ್ದು ಕಂಡಿತ್ತು, ಕೇಳಿಸಿರಲಿಲ್ಲ. ಏನಂದಳು, ಏನಂದಳು ಎಂದು ನನ್ನನ್ನೂ ಸೊಸೆಯನ್ನೂ ನೋಡಿದರು. ನಾವಿಬ್ಬರೂ ಹೇಳಲಿಲ್ಲ. ನಾಜಿಯಾ ಇನ್ನೂ ಜೋರಾಗಿ ನಕ್ಕೋ ಎಂದಳು. ಮುದುಕಿ ನೆಲಕ್ಕೆ ಕುಕ್ಕರಿಸಿ, ತಮ್ಮ ಕಿವಿಯನ್ನು ಮೊಮ್ಮಗಳ ಬಾಯಿಗೆ ತಂದರು.

ಮೂರನೆಯ ಸಲ ಅವಳು ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು. ಅದು ದಾದಿಮಾಗೂ ಕೇಳಿಸಿತು. ಒಳಗೆ ಕೂತಿದ್ದ ಚನ್ನಪಟ್ಟಣದವರಿಗೂ ಕೇಳಿಸಿತು. ಕೇಳಿಸಲಿ.